ಎಕ್ಸ್-ರೇಯಲ್ಲಿ ಕೂಡಿದ ಎಲುಬು, ಕ್ಯಾಮೆರಾದ ಮುಂದೆ ತಿರುಗದ ಕೈ

ಚಿತ್ರ ಎಡಕ್ಕೆ ಸ್ವಲ್ಪ ವಾಲಿರುವುದನ್ನು ನೀವು ಈಗಾಗಲೇ ಗಮನಿಸಿರುತ್ತೀರಿ; ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ. ಮೇಜಿನ ಮೇಲೆ ಅಕ್ಕಪಕ್ಕದಲ್ಲಿರುವ ಈ ಎರಡು ಮುಂಗೈಗಳೂ ನನ್ನವೇ ಎಂದರೆ ನಂಬುವುದು ಕಷ್ಟ. ಬಲಗೈ ಆರು ವಾರ ಪ್ಲಾಸ್ಟರಿನೊಳಗಿದ್ದು ನಿನ್ನೆಯಷ್ಟೇ ಹೊರಬಂದಿದೆ. ಚರ್ಮ ಒಣಗಿ ಸಿಪ್ಪೆ ಏಳುತ್ತಿದೆ, ಮೊಣಕೈಯ ಕೆಳಗೆ ಇರಬೇಕಾದ ಉಬ್ಬು ಇಳಿದುಹೋಗಿದೆ. ಅಳತೆಪಟ್ಟಿಯನ್ನು ಸುತ್ತಿ ನೋಡಿದರೆ ಎಡಗೈಗಿಂತ ಸುತ್ತಳತೆ ಎರಡು ಸೆಂಟಿಮೀಟರ್ ಕಡಿಮೆಯಿದೆ.

ನಿನ್ನೆ ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಎಲುಬು ಚೆನ್ನಾಗಿ ಕೂಡಿದೆ, ಇನ್ನು ಹೊರಡಬಹುದು" ಎಂದರು. ನಾನೂ ಸಂತೋಷದಿಂದಲೇ ಹೊರಟೆ. ಬೆಳಿಗ್ಗೆ ಮುಖ ತೊಳೆಯಲು ನಲ್ಲಿಯ ಕೆಳಗೆ ಎರಡೂ ಅಂಗೈಗಳನ್ನು ಜೋಡಿಸಹೋದಾಗ ಎಡ ಅಂಗೈ ಆಕಾಶ ನೋಡುತ್ತಿತ್ತು, ಬಲ ಅಂಗೈ ಗೋಡೆ ನೋಡುತ್ತಿತ್ತು. ಹಿಡಿದ ನೀರೆಲ್ಲವೂ ಬಲಗಡೆಯಿಂದ ಸುರಿದುಹೋಯಿತು. ಕೂಡಿದ ಎಲುಬಿಗೂ ತಿರುಗದ ಕೈಗೂ ನಡುವೆ ಏನು ಉಳಿದಿದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟಿನಲ್ಲಿಯೇ ಈ ವ್ಲಾಗ್ ಆರಂಭವಾಗುತ್ತಿದೆ.

ಈಗ ಕಾಣುತ್ತಿರುವುದು ಆ ಎಕ್ಸ್-ರೇ. 1895ರ ಡಿಸೆಂಬರ್ 22ರಂದು ವಿಲ್ಹೆಲ್ಮ್ ರಾಂಟ್ಜೆನ್ ತನ್ನ ಪತ್ನಿಯ ಕೈಯನ್ನು ಈ ಕಿರಣಗಳಲ್ಲಿ ಚಿತ್ರಿಸಿದಾಗ ಕಂಡದ್ದೂ ಹೀಗೆಯೇ: ಬೆರಳುಗಳ ಎಲುಬುಗಳು, ಅವುಗಳಲ್ಲಿ ಒಂದರ ಸುತ್ತ ಉಂಗುರ, ಉಳಿದದ್ದೆಲ್ಲ ಮಬ್ಬು. ಎಲುಬಿನಲ್ಲಿರುವ ಕ್ಯಾಲ್ಸಿಯಂ ಕಿರಣಗಳನ್ನು ಹೆಚ್ಚು ಹೀರಿಕೊಳ್ಳುವುದರಿಂದ ಅದು ಸ್ಪಷ್ಟವಾಗಿ ಬೆಳ್ಳಗೆ ಮೂಡುತ್ತದೆ. ಬಹುಪಾಲು ನೀರೇ ಆಗಿರುವ ಸ್ನಾಯು ತೆಳುವಾದ ನೆರಳಾಗಿ ಉಳಿಯುತ್ತದೆ. ನನ್ನ ಕೈ ಕಳೆದುಕೊಂಡದ್ದು ಯಾವುದೋ ಅದು ಈ ಚಿತ್ರದಲ್ಲಿ ಕಾಣುವಂತೆಯೇ ಇಲ್ಲ.

ಬಿದ್ದ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ಕ್ಯಾಮೆರಾವನ್ನು ಎತ್ತರದಿಂದ ಕೆಳಮುಖವಾಗಿ ನಿಲ್ಲಿಸಬೇಕೆಂಬ ಹುಚ್ಚಿನಿಂದ ನಾನು ಮೂರು ಕಾಲಿನ ಸ್ಟೂಲಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಕ್ಯಾಮೆರಾವನ್ನೂ ಇನ್ನೊಂದರಲ್ಲಿ ತಿರುಪನ್ನೂ ಹಿಡಿದು ತುದಿಗಾಲಲ್ಲಿ ನಿಂತಿದ್ದೆ. ಸ್ಟೂಲು ವಾಲಿತು. ಬೀಳುವಾಗ ಕೈ ಮುಂದೆ ಚಾಚಬಾರದೆಂದು ಬುದ್ಧಿ ಹೇಳುವವರು ಬಹಳ ಮಂದಿಯಿದ್ದಾರೆ, ಆದರೆ ಚಾಚುವ ಮೊದಲು ಯೋಚಿಸಲು ಸಮಯ ಸಿಗುವುದಿಲ್ಲ. ಮುಖವನ್ನು ಉಳಿಸಿಕೊಳ್ಳಲು ಶರೀರ ಮಣಿಕಟ್ಟನ್ನು ಒತ್ತೆಯಿಡುತ್ತದೆ. ಅಂಗೈ ನೆಲಕ್ಕೆ ಬಡಿದಾಗ ಶರೀರದ ಭಾರದ ಹೆಚ್ಚಿನ ಪಾಲು ಮಣಿಕಟ್ಟಿನ ಎಂಟು ಪುಟ್ಟ ಎಲುಬುಗಳನ್ನು ದಾಟಿ ಮುಂಗೈಯ ಹೆಬ್ಬೆರಳ ಕಡೆಯ ಎಲುಬಾದ ರೇಡಿಯಸ್‌ನ ತುದಿಗೆ ಬರುತ್ತದೆ. ಆ ತುದಿ ಅಗಲವಾಗಿದ್ದರೂ ಅದರ ಹೊರಕವಚ ತೆಳು. ಒಳಗಿರುವುದು ಸ್ಪಂಜಿನಂಥ ಎಲುಬು. ಮಣಿಕಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಅದು ಮುರಿದು ಹಿಂದಕ್ಕೆ ವಾಲುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಈ ಮುರಿತವನ್ನು 1814ರಲ್ಲಿಯೇ ವಿವರಿಸಿದ್ದನು. ಎಕ್ಸ್-ರೇ ಬರಲು ಇನ್ನೂ 81 ವರ್ಷಗಳಿದ್ದವು. ನನ್ನ ಮುರಿತಕ್ಕೆ ಇಂದಿಗೂ ಅವನದೇ ಹೆಸರು. ಕ್ಯಾಮೆರಾಕ್ಕೆ ಒಂದು ಗೀರೂ ಬೀಳಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಅಸೂಯೆಯಿಂದಲೇ ದಾಖಲಿಸುತ್ತಿದ್ದೇನೆ.

ಈ ಶಾಟ್‌ನಲ್ಲಿ ನಾನು ಎಡಗೈಯನ್ನು ತಿರುಗಿಸುತ್ತಿದ್ದೇನೆ, ನೀವೂ ತಿರುಗಿಸಿ ನೋಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ಮಾಡಿದರೆ ತಿರುಗುತ್ತಿರುವುದು ಮಣಿಕಟ್ಟು ಎಂದೇ ಅನ್ನಿಸುತ್ತದೆ. ವಾಸ್ತವದಲ್ಲಿ ಮಣಿಕಟ್ಟಿಗೆ ಹಾಗೆ ತಿರುಗುವ ಶಕ್ತಿಯೇ ಇಲ್ಲ. ಅಂಗೈ ಮೇಲಿದ್ದಾಗ ಮುಂಗೈಯ ಎರಡು ಎಲುಬುಗಳು, ರೇಡಿಯಸ್ ಮತ್ತು ಅಲ್ನಾ, ಸಮಾನಾಂತರವಾಗಿ ಮಲಗಿರುತ್ತವೆ; ಅಂಗೈಯನ್ನು ಕೆಳಗೆ ಮಾಡಿದಾಗ ಅಲ್ನಾ ಹೆಚ್ಚುಕಡಿಮೆ ತನ್ನ ಸ್ಥಾನದಲ್ಲಿಯೇ ಇದ್ದು, ರೇಡಿಯಸ್ ಅದರ ಮೇಲೆ ಅಡ್ಡಲಾಗಿ ಹಾದು ಕೈಯನ್ನೂ ತನ್ನೊಡನೆ ಒಯ್ಯುತ್ತದೆ. ಮನುಷ್ಯ ಶರೀರದ 206 ಎಲುಬುಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಜೋಡಿ ಇದೇ. ಕಳೆದ ತಿಂಗಳು ಕೇಳಿದ್ದರೆ ಕಿವಿಯೊಳಗಿನ ಮೂರು ಮಿಲಿಮೀಟರಿನ ರಿಕಾಪು ಎಲುಬು ಎನ್ನುತ್ತಿದ್ದೆ, ಆದರೆ ಅದು ಇನ್ನೂ ನನಗೆ ತೊಂದರೆ ಕೊಟ್ಟಿಲ್ಲ.

ಪ್ಲಾಸ್ಟರನ್ನು ಬಿಡಿಸುವ ದೃಶ್ಯವನ್ನು ವೇಗವಾಗಿ ಓಡಿಸುತ್ತೇನೆ, ಏಕೆಂದರೆ ಅಲ್ಲಿ ನೋಡಲು ಧೂಳಿನ ಹೊರತು ಏನೂ ಇಲ್ಲ. ಆ ಹೊತ್ತಿನಲ್ಲಿ ಎಲುಬಿನ ಬಗ್ಗೆ ಹೇಳಿಬಿಡುವುದು ಒಳ್ಳೆಯದು. ಎಲುಬಿನ ತೂಕದ ಸುಮಾರು ಮೂರನೆಯ ಎರಡು ಪಾಲು ಖನಿಜ, ಅದರಲ್ಲೂ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಉಳಿದುದರಲ್ಲಿ ಹೆಚ್ಚಿನದು ಕೊಲಾಜನ್ ಎಂಬ ನಾರು ಮತ್ತು ನೀರು. ಆಮ್ಲದಲ್ಲಿ ನೆನೆಸಿ ಖನಿಜವನ್ನು ತೆಗೆದರೆ ಎಲುಬು ಹಗ್ಗದಂತೆ ಬಾಗುತ್ತದೆ. ಸುಟ್ಟು ನಾರನ್ನು ತೆಗೆದರೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಒತ್ತಿದರೆ ಕುಗ್ಗದ ಗುಣವನ್ನು ಒಂದು ಕೊಡುತ್ತದೆ, ಬಾಗಿದರೆ ತಟ್ಟನೆ ಒಡೆಯದ ಗುಣವನ್ನು ಇನ್ನೊಂದು. ಶಾಲೆಯಲ್ಲಿ ಎಲುಬನ್ನು ಮನೆಯ ಕಂಬಕ್ಕೆ ಹೋಲಿಸಿ ಕಲಿಸಿದ್ದು ನನಗೆ ಈಗ ಶುದ್ಧ ತಪ್ಪು ಎನ್ನಿಸುತ್ತದೆ. ಮುರಿದ ಕಂಬ ತಾನಾಗಿ ಕೂಡಿಕೊಳ್ಳುವುದಿಲ್ಲ.

ನನ್ನ ರೇಡಿಯಸ್ ಕೂಡಿಕೊಂಡಿತು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿತು. ಆಮೇಲಿನ ವಾರಗಳಲ್ಲಿ ಅಲ್ಲಿ ನಾರು ಮತ್ತು ಮೃದ್ವಸ್ಥಿಯ ಮೆತ್ತನೆಯ ಬೆಸುಗೆ ಬೆಳೆದು, ಕ್ರಮೇಣ ಗಟ್ಟಿ ಎಲುಬಾಗಿ ಮಾರ್ಪಟ್ಟಿತು. ಆದರೆ ಅದು ಒರಟು ಕೆಲಸ. ಎಕ್ಸ್-ರೇಯಲ್ಲಿ ಮೋಡದಂತೆ ಕಾಣುವ ಆ ಗಂಟನ್ನು ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಕರಗಿಸುತ್ತ, ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಮತ್ತೆ ಕಟ್ಟುತ್ತ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸರಿಪಡಿಸುತ್ತವೆ. ಮುರಿಯದ ಎಲುಬಿನಲ್ಲಿಯೂ ಇವೇ ಕೋಶಗಳು ಸದಾ ದುಡಿಯುತ್ತಿದ್ದು, ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ವರ್ಷವೊಂದರಲ್ಲಿ ಹೊಸದಾಗುತ್ತದೆ. ಎಲ್ಲಿ ಹೆಚ್ಚು ಕಟ್ಟಬೇಕು, ಎಲ್ಲಿ ಕರಗಿಸಬೇಕು ಎಂಬುದು ಅಲ್ಲಿ ಬೀಳುವ ಭಾರವನ್ನು ಅವಲಂಬಿಸಿದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ತೋಳಿನ ಎಲುಬು ಇನ್ನೊಂದಕ್ಕಿಂತ ದಪ್ಪವಾಗುವುದಕ್ಕೂ, ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬಿನ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುವುದಕ್ಕೂ ಕಾರಣ ಅದೇ.

ಪ್ಲಾಸ್ಟರ್ ಎಂಬುದೇ ಒಂದು ದಂಡನೆ ಎಂದು ನಾನು ಎರಡನೆಯ ವಾರದಲ್ಲಿ ಕ್ಯಾಮೆರಾದ ಮುಂದೆ ಜೋರಾಗಿ ಹೇಳಿದ್ದೆ. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮೆತ್ತನೆಯ ಬೆಸುಗೆ ಅಲುಗಾಡುತ್ತಲೇ ಇದ್ದರೆ ಗಟ್ಟಿಯಾಗುವುದು ಕಷ್ಟ. ಆದರೂ ಅರ್ಧ ಮಾತ್ರ ಹಿಂತೆಗೆದುಕೊಳ್ಳುತ್ತೇನೆ, ಏಕೆಂದರೆ ಎಲುಬಿಗೆ ಬೇಕಾದ ಆ ವಿಶ್ರಾಂತಿಯೇ ಸ್ನಾಯುವನ್ನು ಕೃಶಗೊಳಿಸಿತು.

ಸ್ನಾಯುವಿನ ರಚನೆಯನ್ನು ತೋರಿಸಲು ನಾನು ಈ ಹಗ್ಗವನ್ನು ಬಿಚ್ಚುತ್ತಿದ್ದೇನೆ. ದೊಡ್ಡ ಹುರಿಯೊಳಗೆ ಸಣ್ಣ ಹುರಿಗಳು, ಅವುಗಳೊಳಗೆ ಎಳೆಗಳು; ಇಲ್ಲಿಯವರೆಗೆ ಹೋಲಿಕೆ ಸರಿಯಾಗಿದೆ. ಆದರೆ ಸ್ನಾಯುವಿನ ಒಂದೊಂದು ಎಳೆಯೂ ಒಂದೊಂದು ಜೀವಕೋಶ, ಅದರೊಳಗಿನ ಇನ್ನೂ ಸಣ್ಣ ತಂತುಗಳಲ್ಲಿ ಸಾರ್ಕೊಮಿಯರ್ ಎಂಬ ಘಟಕಗಳು ಸಾಲಾಗಿ ಜೋಡಣೆಗೊಂಡಿವೆ. ಒಂದರ ಉದ್ದ ಸುಮಾರು 2.5 ಮೈಕ್ರೋಮೀಟರ್ ಎಂದು ಹಿಡಿದರೆ, ಒಂದು ಸೆಂಟಿಮೀಟರಿನಲ್ಲಿ ನಾಲ್ಕು ಸಾವಿರ ಸಾರ್ಕೊಮಿಯರ್‌ಗಳು ಸಾಲು ನಿಂತಂತಾಯಿತು. ಪ್ರತಿಯೊಂದರಲ್ಲಿಯೂ ಆಕ್ಟಿನ್ ಎಂಬ ತೆಳು ಎಳೆಗಳ ನಡುವೆ ಮಯೋಸಿನ್ ಎಂಬ ದಪ್ಪ ಎಳೆಗಳಿವೆ. ಸ್ನಾಯು ಕುಗ್ಗುವಾಗ ಈ ಎಳೆಗಳು ಕುಗ್ಗುವುದಿಲ್ಲ. ಒಂದರ ಪಕ್ಕ ಒಂದು ಜಾರಿ ಒಳಸರಿಯುತ್ತವೆ. ಇದನ್ನು 1954ರಲ್ಲಿ ಎರಡು ತಂಡಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಒಂದು ತಂಡದಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಇಬ್ಬರೂ ಸಂಬಂಧಿಕರಲ್ಲ ಎಂಬುದನ್ನು ನಾನು ಮೂರು ಬಾರಿ ಪರಿಶೀಲಿಸಿದ್ದೇನೆ.

ನರದಿಂದ ಸಂಕೇತ ಬಂದೊಡನೆ ಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ ಆಕ್ಟಿನ್ ಮೇಲಿನ ತಡೆಯನ್ನು ಸರಿಸುತ್ತದೆ. ಮಯೋಸಿನ್‌ನ ತಲೆಗಳು ಅದನ್ನು ಹಿಡಿದು ಎಳೆಯುತ್ತವೆ. ಹಿಡಿತವನ್ನು ಬಿಡಿಸುವುದಕ್ಕೆ ಎಟಿಪಿ ಎಂಬ ಇಂಧನ ಬೇಕು. ಎಳೆಯುವುದಕ್ಕಿಂತ ಬಿಡುವುದಕ್ಕೆ ಇಂಧನ ಬೇಕೆಂಬುದು ವಿಚಿತ್ರವಾಗಿ ಕಂಡರೂ, ಸತ್ತ ನಂತರ ಶರೀರ ಸೆಟೆದುಕೊಳ್ಳುವುದು ಆ ಇಂಧನ ಮುಗಿದುಹೋಗುವುದರಿಂದಲೇ. ಕೆಲಸವಿಲ್ಲದ ಸ್ನಾಯುವಿನಲ್ಲಿ ಈ ಆಕ್ಟಿನ್ ಮತ್ತು ಮಯೋಸಿನ್ ಹೊಸದಾಗಿ ತಯಾರಾಗುವುದು ಕಡಿಮೆಯಾಗುತ್ತದೆ. ನನ್ನ ಕೈಯಲ್ಲಿ ಎಳೆಗಳು ಸತ್ತುಹೋಗಿಲ್ಲ, ಮುಖ್ಯವಾಗಿ ತೆಳ್ಳಗಾಗಿವೆ. ಆ ಎರಡು ಸೆಂಟಿಮೀಟರಿನ ಲೆಕ್ಕ ಅದು.

ಶಾಟ್ ಮುಗಿಯುವ ಮೊದಲು ಇದನ್ನು ನೋಡಿಬಿಡಿ. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು ಬೆರಳುಗಳನ್ನು ಆಡಿಸುತ್ತಿದ್ದೇನೆ. ಹಿಡಿತದ ಕೆಳಗೆ ಸ್ನಾಯು ಅಲುಗುತ್ತದೆ. ಬೆರಳುಗಳನ್ನು ಮಡಚುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ, ಅಲ್ಲಿಂದ ಉದ್ದವಾದ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳುಗಳನ್ನು ಎಳೆಯುತ್ತವೆ. ಪ್ರತಿ ಬೆರಳಿಗೂ ಬೇಕಾದ ಮಾಂಸವನ್ನು ಅಲ್ಲಿಯೇ ತುಂಬಿದ್ದರೆ ಸೂಜಿಗೆ ದಾರ ಪೋಣಿಸುವವರು ಯಾರೂ ಇರುತ್ತಿರಲಿಲ್ಲ. ಇನ್ನು ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ ನಡುವೆ ಒಂದು ರಜ್ಜು ಎದ್ದು ಕಾಣಬಹುದು. ಕೆಲವರಲ್ಲಿ ಆ ಸ್ನಾಯು ಹುಟ್ಟಿನಿಂದಲೇ ಇರುವುದಿಲ್ಲ, ಅದರಿಂದ ಹಿಡಿತಕ್ಕೆ ನಷ್ಟವೂ ಇಲ್ಲ. ನನ್ನ ಎಡಗೈಯಲ್ಲಿದೆ, ಬಲಗೈಯಲ್ಲಿಲ್ಲ. ಇದಕ್ಕೆ ಮಾತ್ರ ಸ್ಟೂಲು ಹೊಣೆಯಲ್ಲ.

ಈಗ ಒಂದು ಲೀಟರ್ ನೀರಿನ ಬಾಟಲಿ. ಅದರ ತೂಕ ಒಂದು ಕಿಲೋಗ್ರಾಂ, ಆದರೆ ಮೊಣಕೈಯನ್ನು ಬಾಗಿಸಿ ಹಿಡಿದುಕೊಂಡಾಗ ತೋಳಿನ ಸ್ನಾಯುಗಳ ಮೇಲಿನ ಎಳೆತ ಅದರ ಹಲವು ಪಟ್ಟು. ಬೈಸೆಪ್ಸ್ ಮೊಣಕೈಯ ಕೀಲಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ರೇಡಿಯಸ್‌ಗೆ ಅಂಟಿಕೊಂಡಿದೆ, ನನ್ನ ಅಂಗೈ ಮೂವತ್ತೆರಡು ಸೆಂಟಿಮೀಟರ್ ದೂರದಲ್ಲಿದೆ. ಹಾಗಾಗಿ ಒಂದು ಕಿಲೋವನ್ನು ಹಿಡಿಯಲು ಎಂಟು ಕಿಲೋ ತೂಕದಷ್ಟು ಎಳೆಯಬೇಕು, ಆ ಹೊರೆಯನ್ನು ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್ ಹಂಚಿಕೊಳ್ಳುತ್ತದೆ. ನಷ್ಟದ ವ್ಯಾಪಾರದಂತೆ ಕಾಣುವ ಈ ಏರ್ಪಾಡಿನಲ್ಲಿ ಲಾಭವೂ ಇದೆ: ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಸುಮಾರು ಎಂಟು ಸೆಂಟಿಮೀಟರ್ ಚಲಿಸುತ್ತದೆ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲವಾದ್ದರಿಂದ ಮೊಣಕೈಯನ್ನು ಮತ್ತೆ ನೇರಗೊಳಿಸಲು ತೋಳಿನ ಹಿಂದಿನ ಟ್ರೈಸೆಪ್ಸ್ ಬೇಕು.

ಬೈಸೆಪ್ಸ್ ಮೊಣಕೈಯನ್ನು ಬಾಗಿಸುವುದಕ್ಕಷ್ಟೇ ಇದೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅಂಗೈಯನ್ನು ಮೇಲಕ್ಕೆ ತಿರುಗಿಸುವುದರಲ್ಲಿಯೂ ಅದೇ ಬಲಶಾಲಿ. ಬಲಗೈಯಲ್ಲಿ ಆ ತಿರುವಿನ ದಿಕ್ಕು ತಿರುಪನ್ನು ಬಿಗಿಸುವ ದಿಕ್ಕೇ ಆಗಿರುವುದರಿಂದ ಬಲಗೈಯವರು ಬಿಗಿಸಿದ ತಿರುಪು ಭದ್ರವಾಗಿ ಕೂರುತ್ತದೆ. ಎಡಗೈಯಿಂದ ಬಿಗಿಸುವಾಗ ಅದೇ ದಿಕ್ಕು ಅಂಗೈಯನ್ನು ಕೆಳಕ್ಕೆ ತಿರುಗಿಸುವ ದಿಕ್ಕಾಗುತ್ತದೆ, ಬೈಸೆಪ್ಸ್ ಅಲ್ಲಿ ನೆರವಿಗೆ ಬರುವುದಿಲ್ಲ. ಟ್ರೈಪಾಡಿನ ತಿರುಪನ್ನು ಇಂದು ಬೆಳಿಗ್ಗೆ ಬಲಗೈಯಿಂದ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಕೈ ನಿಂತುಹೋಯಿತು, ಉಳಿದುದನ್ನು ಎಡಗೈಯಿಂದ ಮುಗಿಸಿದೆ. ಚಿತ್ರ ವಾಲಿರುವುದು ಅದರಿಂದ, ಇಷ್ಟು ಹೊತ್ತಿನಲ್ಲಿ ಅದು ಇನ್ನೂ ಒಂದಿಷ್ಟು ವಾಲಿರಬೇಕು. ಈಗ ನಿಲ್ಲಿಸಿ ಮತ್ತೊಮ್ಮೆ ಬಲಗೈಯಿಂದಲೇ ಪ್ರಯತ್ನಿಸುತ್ತೇನೆ; ಫಿಸಿಯೋಥೆರಪಿಯವರು ದಿನಕ್ಕೆ ಮೂರು ಬಾರಿ ಮಾಡಬೇಕೆಂದು ಹೇಳಿಕೊಟ್ಟಿರುವ ವ್ಯಾಯಾಮವೂ ಹೆಚ್ಚುಕಡಿಮೆ ಇದೇ.