ಏರಿ ಯಾವ ಕಡೆ? ಕೆರೆಯಂಚಿನ ಕಾಡಿನಲ್ಲಿ ಒಬ್ಬರೇ ಒಂದು ಹಗಲು

ಎಲ್ಲರಿಗೂ ನಮಸ್ಕಾರ.

ರಜೆಯ ದಿನ ಬೆಳಿಗ್ಗೆ ಎದ್ದು, ಜೊತೆಗೆ ಯಾರೂ ಸಿಗದಿದ್ದರೂ "ಯಾವುದಾದರೂ ಕೆರೆಯ ಕಡೆ ಹೋಗಿಬರುತ್ತೇನೆ" ಎಂದು ಹೊರಡುವವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅನೇಕರಿದ್ದಾರೆ. ಇವತ್ತಿನ ಮಾತು ಅವರಿಗಾಗಿ. ಹೋಗಬೇಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಒಬ್ಬರೇ ನಡೆದಾಗ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳುತ್ತದೆ. ಹತ್ತು ಜನ ಮಾತಾಡುತ್ತ ಹೋದರೆ ಅದು ಕೇಳುವುದಿಲ್ಲ. ಮನಸ್ಸು ದಿಢೀರನೆ ಮಾಡಬಹುದು. ಆದರೆ ಹೊರಡುವ ಮುಂಚಿನ ಒಂದು ಗಂಟೆಯ ಕೆಲಸ ಬಿಡುವಂತಿಲ್ಲ.

ಎಲ್ಲಕ್ಕಿಂತ ಮೊದಲು ಕೆರೆಯನ್ನು ಓದಲು ಬರಬೇಕು. ಘಟ್ಟದ ಮೇಲಿನ ನಮ್ಮ ಕೆರೆಗಳು ಬಹುಪಾಲು ಕಣಿವೆಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ ಕಟ್ಟಿದವು. ಆದ್ದರಿಂದ ಏರಿ ಯಾವಾಗಲೂ ತಗ್ಗಿನ ಬದಿಗೆ. ಏರಿಯಲ್ಲಿ ತೂಬು, ಅದರ ಒಂದು ತುದಿಗೆ ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಏರಿಯ ಕೆಳಗೆ ಗದ್ದೆಯೋ ಅಡಿಕೆ ತೋಟವೋ ಇರುತ್ತದೆ; ತೋಟ ಇದ್ದಲ್ಲಿ ಮನೆ ಇರುತ್ತದೆ. ಏರಿಯ ಎದುರು ದಡದಲ್ಲಿ ಹಳ್ಳ ಬಂದು ಸೇರುತ್ತದೆ. ಅದು ತಂದ ಹೂಳು ಅಲ್ಲಿಯೇ ಕೂತು ನೆಲ ಜೌಗಾಗುತ್ತದೆ, ಕಾಡು ನೀರಿನ ಅಂಚಿನವರೆಗೂ ದಟ್ಟವಾಗಿ ಬರುತ್ತದೆ. ಹೀಗಾಗಿ ಕೆರೆಯ ಒಂದು ಬದಿ ಜನದ ಕಡೆ, ಇನ್ನೊಂದು ಬದಿ ಕಾಡಿನ ಕಡೆ. ಇಷ್ಟು ಗೊತ್ತಿದ್ದವರು ಕೆರೆ ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದರೆ ದಾರಿ ತಪ್ಪುವುದು ಕಷ್ಟ. ಏರಿಯ ಮೇಲೆ ನಿಂತು ಫೋನಿನ ನಕ್ಷೆಯಲ್ಲಿ ಆ ಜಾಗಕ್ಕೆ ಗುರುತು ಹಾಕಿ, ದಿಕ್ಸೂಚಿಯಲ್ಲಿ ಏರಿ ಕೆರೆಯ ಯಾವ ದಿಕ್ಕಿಗಿದೆ ಎಂದು ನೋಡಿ, ಕಾಗದದಲ್ಲಿ ಬರೆದುಕೊಂಡು ಮುಂದೆ ಹೋಗಿ. ನೆಟ್‌ವರ್ಕ್ ಇಲ್ಲದಿದ್ದರೂ ದಿಕ್ಸೂಚಿ ಕೆಲಸ ಮಾಡುತ್ತದೆ. ನಕ್ಷೆಯನ್ನು ಮಾತ್ರ ಮನೆಯಲ್ಲಿಯೇ ಇಳಿಸಿಕೊಂಡಿರಬೇಕು.

"ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ" ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಶಿರಸಿಯ ಪೂರ್ವಕ್ಕೆ, ಬನವಾಸಿಯ ಕಡೆ, ಅದು ಬಹುಮಟ್ಟಿಗೆ ನಿಜ. ಅಲ್ಲಿ ನೆಲ ನಿಧಾನವಾಗಿ ವರದಾ ನದಿಯ ಕಡೆ ಇಳಿಯುತ್ತದೆ, ಹಳ್ಳಗಳು ಗದ್ದೆ ಬಯಲಿಗೆ ಸೇರುತ್ತವೆ. ಪಶ್ಚಿಮಕ್ಕೆ ಅದೇ ಮಾತು ಪ್ರಾಣಕ್ಕೆ ಅಪಾಯ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕುತ್ತದೆ. ಹೆಸರಿಲ್ಲದ ನೂರಾರು ಹಳ್ಳಗಳೂ ಘಟ್ಟದ ಅಂಚಿಗೆ ಬಂದು ಹೀಗೆಯೇ ಬೀಳುತ್ತವೆ. ಹಳ್ಳದ ಗುಂಟ ಇಳಿಯುತ್ತ ಹೋದವರು ಒಂದು ಬಂಡೆ ಜಾರಿ ಕೆಳಗಿಳಿಯುತ್ತಾರೆ. ಮತ್ತೆ ಅದನ್ನು ಹತ್ತಲು ಆಗುವುದಿಲ್ಲ, ಮುಂದೆ ಅದಕ್ಕಿಂತ ದೊಡ್ಡ ಪ್ರಪಾತ ಎದುರಾಗುತ್ತದೆ. ಆದ್ದರಿಂದ ಘಟ್ಟದಂಚಿನ ಕಾಡಿನಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿಯಬೇಡಿ. ಬಂದ ದಾರಿಯಲ್ಲಿಯೇ ಹಿಂದೆ ಹೋಗಿ ಏರಿಯನ್ನು ಹುಡುಕಿ.

ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಮೊದಲ ಸಲ ಒಬ್ಬರೇ ಹೊರಟವರಿಗೆ ಊರಿಗೆ ಹತ್ತಿರದ ಕೆರೆಯೇ ಸರಿ. ಸೋಂದಾದ ಮುಂಡಿಗೆಕೆರೆ ಚಿಕ್ಕದು. ಮಳೆಗಾಲದಲ್ಲಿ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಆ ಹೊತ್ತಿನಲ್ಲಿ ದೂರದಿಂದ ನೋಡಬೇಕು, ನೀರಿನ ಅಂಚಿಗೆ ಇಳಿಯಬಾರದು. ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಮರಿ ಕಾಗೆ ಹದ್ದುಗಳ ಪಾಲಾಗುತ್ತವೆ. ಬನವಾಸಿ ಹತ್ತಿರದ ಗುಡ್ನಾಪುರದ ಕೆರೆ ವಿಶಾಲವಾದದ್ದು. ಕದಂಬ ರವಿವರ್ಮನ ಶಾಸನ ಸಿಕ್ಕಿದ ಊರು ಅದು. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ, ಟಿಕೆಟ್ ಪಡೆದು ಹೋಗುವ ಜಾಗ.

ಜೋಯಿಡಾ ಕಡೆಯ ಸೂಪಾ ಹಿನ್ನೀರು ನೋಡಿದವರಿಗೆ ಅಲ್ಲಿಯೇ ನಡೆಯಬೇಕು ಅನ್ನಿಸುವುದು ಸಹಜ. ಆದರೆ ಆ ಭಾಗದ ಹೆಚ್ಚಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅನುಮತಿ ಇಲ್ಲದೆ ಒಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾರವಾರ ತಾಲೂಕಿನ ಕದ್ರಾ ಹಿನ್ನೀರಿನ ಪಕ್ಕದಲ್ಲಿ ಕೈಗಾ ಅಣುಸ್ಥಾವರ ಇರುವುದರಿಂದ ಅಲ್ಲಿಯೂ ಮನಸ್ಸಿಗೆ ಬಂದ ಕಡೆ ನಡೆಯಲಾಗದು. ಮೀಸಲು ಅರಣ್ಯ ಯಾವುದೇ ಇರಲಿ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ಅಣೆಕಟ್ಟೆಗಳ ಕೆಳಗಿನ ಹೊಳೆಗೆ ಇನ್ನೊಂದು ಗುಣವಿದೆ: ವಿದ್ಯುತ್ ಉತ್ಪಾದನೆ ಶುರುವಾದಾಗ ಮಳೆಯೇ ಇಲ್ಲದ ದಿನವೂ ನೀರು ಏರುತ್ತದೆ. ನಡುಹೊಳೆಯ ಬಂಡೆಯ ಮೇಲೆ ಕೂತವರಿಗೆ ದಡಕ್ಕೆ ಬರುವ ದಾರಿ ಇಲ್ಲದಾಗುತ್ತದೆ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಮೊಸಳೆಗಳೂ ಇವೆ.

ಶಿರಸಿ ಸೀಮೆಯಲ್ಲಿ ಕೆರೆಯ ಸುತ್ತಿನ ಕಾಡು ಹಲವು ಕಡೆ ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕನ್ನು ತೋಟದವರಿಗೆ ಕೊಟ್ಟ ಅರಣ್ಯ ಅದು. ಅಲ್ಲಿ ಸಿಗುವ ಕಾಲುದಾರಿಗಳು ಚಾರಣಿಗರಿಗಾಗಿ ಮಾಡಿದ್ದಲ್ಲ. ಸೊಪ್ಪಿನ ಹೊರೆ ಹೊತ್ತವರು, ದನಕರುಗಳು ಮಾಡಿದ್ದು. ಆದ್ದರಿಂದ ಅವು ಕವಲೊಡೆಯುತ್ತವೆ, ಒಂದು ಮರದ ಬುಡದಲ್ಲಿ ಥಟ್ಟನೆ ಮುಗಿದುಹೋಗುತ್ತವೆ. ಪ್ರತಿ ಕವಲಿನಲ್ಲಿ ನಿಂತು ಒಮ್ಮೆ ಹಿಂದೆ ತಿರುಗಿ ನೋಡಿ, ಒಂದು ಫೋಟೊ ತೆಗೆಯಿರಿ. ಮರಳುವಾಗ ಕಾಣುವುದು ಆ ನೋಟ, ಹೋಗುವಾಗ ಕಂಡದ್ದಲ್ಲ. ದಣಪೆ, ಅಂದರೆ ಗಳ ಸರಿಸಿ ದಾಟುವ ಬೇಲಿಯ ಬಾಗಿಲು, ದಾಟಿದರೆ ಸರಿಸಿದ ಗಳಗಳನ್ನೆಲ್ಲ ಮತ್ತೆ ಹಾಕಿ. ಒಂದು ಗಳ ಬಿಟ್ಟರೂ ರಾತ್ರಿಯೊಳಗೆ ದನ ತೋಟಕ್ಕೆ ನುಗ್ಗಿರುತ್ತದೆ. ತೋಟದ ಬೇಲಿಯ ತಂತಿ ಮುಟ್ಟಬೇಡಿ. ಹಂದಿ ಬಾರದಂತೆ ವಿದ್ಯುತ್ ಹರಿಸಿರಬಹುದು.

ಕಾಡಿಗೆ ಹೊಕ್ಕುವ ಮುಂಚಿನ ಕೊನೆಯ ಮನೆಯಂಗಳದಲ್ಲಿ ಐದು ನಿಮಿಷ ನಿಲ್ಲಿ. "ಅಮ್ಮಾ, ಕೆರೆ ಆಚೆಗೆ ಹೋಗಿ ಬರ್ತೇನೆ. ಹಳ್ಳಕ್ಕೆ ಸಂಕ ಇದೆಯಾ? ಕರಡಿ, ಕಾಟಿ ಓಡಾಟ ಇದೆಯಾ? ಈ ಕಡೆ ಮಂಗ ಸತ್ತಿದ್ದು ಕಂಡಿದ್ದೀರಾ?" ಎಂದು ಕೇಳಿ. ಸಂಕ ಎಂದರೆ ಹಳ್ಳ ದಾಟುವ ಕಾಲುಸೇತುವೆ, ಕಾಟಿ ಎಂದರೆ ಕಾಡುಕೋಣ; ಮಂಗದ ಮಾತು ಏಕೆಂದು ಮುಂದೆ ಹೇಳುತ್ತೇವೆ. ಈ ಮೂರು ಪ್ರಶ್ನೆಗೆ ಸಿಗುವ ಉತ್ತರ ಯಾವ ನಕ್ಷೆಯಲ್ಲೂ ಇಲ್ಲ. ಜೊತೆಗೆ, ನೀವು ಒಳಗೆ ಹೋಗಿದ್ದೀರಿ ಎನ್ನುವುದು ಒಬ್ಬರಿಗಾದರೂ ಗೊತ್ತಾಗುತ್ತದೆ. ಮನೆಯಲ್ಲಿಯೂ ಚೀಟಿ ಬರೆದಿಡಿ: ಯಾವ ಕೆರೆ, ಎಲ್ಲಿ ಬಸ್ ಇಳಿಯುವುದು, ಕೆರೆಯ ಯಾವ ಬದಿ, ಎಷ್ಟು ಗಂಟೆಗೆ ವಾಪಸ್ಸು, ಎಷ್ಟು ಗಂಟೆಯ ತನಕ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕು. "ಕಾಡಿಗೆ ಹೋಗಿದ್ದಾನೆ" ಎಂದಷ್ಟೇ ಗೊತ್ತಿದ್ದರೆ ಹುಡುಕುವವರು ಎಲ್ಲಿಂದ ಶುರುಮಾಡಬೇಕು?

ಸಮಯದ ಲೆಕ್ಕ ಬಿಗಿಯಾಗಿರಲಿ. ಕಾಲುದಾರಿಯಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ನಡೆದರೆ ಚೆನ್ನಾಗಿ ನಡೆದಂತೆ. ದಾರಿ ಬಿಟ್ಟರೆ ಒಂದು ಕಿಲೋಮೀಟರ್ ಕೂಡ ಕಷ್ಟ. ಕೆರೆಯ ಸುತ್ತಳತೆ ಕಣ್ಣಿಗೆ ಕಂಡದ್ದಕ್ಕಿಂತ ಬಹಳ ಹೆಚ್ಚು. ಪ್ರತಿ ಹಳ್ಳದ ಬಾಯಲ್ಲೂ ನೀರು ಒಳಕ್ಕೆ ಚಾಚಿಕೊಂಡಿರುತ್ತದೆ, ಅದನ್ನು ಬಳಸಿ ಹೋಗಬೇಕು. ಹಿನ್ನೀರಿನಲ್ಲಂತೂ ಕೂಗಿದರೆ ಕೇಳುವ ಎದುರು ದಡಕ್ಕೆ ನಡೆದು ಹೋಗಲು ಅರ್ಧ ದಿನ ಬೇಕಾದೀತು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟುತ್ತಲೇ. ಕಾನಿನ, ಅಂದರೆ ದಟ್ಟ ಕಾಡಿನ, ಒಳಗೆ ಐದೂಕಾಲಿಗೇ ಬೇರು, ಕಲ್ಲು ಕಾಣದಾಗುತ್ತವೆ. ಎಂಟಕ್ಕೆ ನಡಿಗೆ ಶುರುಮಾಡಿದರೆ ಹನ್ನೆರಡಕ್ಕೆ ತಿರುಗಬೇಕು. ಎಲ್ಲಿ ತಲುಪಿದ್ದರೂ ತಿರುಗಬೇಕು, ಇನ್ನೊಂದು ತಿರುವಿನಲ್ಲಿ ಏನಿದೆಯೋ ಅನ್ನಿಸಿದರೂ ತಿರುಗಬೇಕು. ಬಸ್ ಇಳಿಯುವಾಗಲೇ ಸಂಜೆಯ ಕೊನೆಯ ಬಸ್ ಎಷ್ಟಕ್ಕೆ ಎಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಮುಂಜಾವು, ಮುಸ್ಸಂಜೆ ಪ್ರಾಣಿಗಳು ನೀರಿಗೆ ಬರುವ ಹೊತ್ತು. ಎಂಟರ ನಂತರ ಹೋಗಿ ನಾಲ್ಕರೊಳಗೆ ಹೊರಬಂದರೆ ಕಾಟಿಗೂ ಕರಡಿಗೂ ನೀವು ಅಡ್ಡ ಬರುವುದಿಲ್ಲ.

ಚೀಲದಲ್ಲಿ ಏನಿರಬೇಕು? ಚಳಿಗಾಲಕ್ಕೆ ಎರಡು ಲೀಟರ್ ನೀರು, ಮಾರ್ಚಿಯಿಂದ ಮೂರು ಲೀಟರ್. ಕೆರೆಯ ನೀರು ಕುಡಿಯುವ ಭರವಸೆ ಬೇಡ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಎರಡು ಓಆರ್‌ಎಸ್ ಪೊಟ್ಟಣ. ಚಿಕ್ಕ ಟಾರ್ಚು, ಸಿಳ್ಳೆ, ಉದ್ದದ ಬಟ್ಟೆಯ ಪಟ್ಟಿ, ಚಿಮಟ, ಉಪ್ಪಿನ ಗಂಟು. ಫೋನಿನ ಬ್ಯಾಟರಿ ಅರ್ಧಕ್ಕೆ ಬಂದರೆ ಫೋಟೊ ನಿಲ್ಲಿಸಿ. ಎದೆಯೆತ್ತರದ ಕೋಲು ಒಂದು ಇರಲೇಬೇಕು. ಅದರ ಕೆಲಸ ನೆಲ ಪರೀಕ್ಷಿಸುವುದು.

ಆ ನೆಲದ ವಿಷಯಕ್ಕೆ ಬರೋಣ, ಒಬ್ಬರೇ ಹೋದವರು ಹೆಚ್ಚು ಸಿಕ್ಕಿಬೀಳುವುದು ಅಲ್ಲಿಯೇ. ನೀರು ಇಳಿದ ದಡದಲ್ಲಿ ಹೂಳಿನ ಮೇಲ್ಪದರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಕೆಸರು ಹಾಗೆಯೇ ಇರುತ್ತದೆ. ಕೋಲು ಸಲೀಸಾಗಿ ಒಂದು ಗೇಣು ಇಳಿದರೆ ಅಲ್ಲಿಂದ ಹಿಂದೆ ಬನ್ನಿ. ಕಾಲು ಮೊಣಕಾಲಿನವರೆಗೆ ಹೂತರೆ ಎಳೆದಾಡಬೇಡಿ. ಒಂದು ಕಾಲು ಎಳೆಯಲು ಹೋದರೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದು ಇನ್ನೂ ಆಳಕ್ಕೆ ಹೋಗುತ್ತದೆ. ಚೀಲವನ್ನು ಹಿಂದೆ ಹಾಕಿ ಅದರ ಮೇಲೆ ಮೈ ಚೆಲ್ಲಿ ಮಲಗಿ, ಕಾಲನ್ನು ಸಣ್ಣಗೆ ಅಲುಗಿಸುತ್ತ ಒಂದೊಂದಾಗಿ ಬಿಡಿಸಿಕೊಂಡು, ಬಂದ ದಿಕ್ಕಿಗೇ ತೆವಳಬೇಕು. ಶಿರಸಿಯ ಸುತ್ತ ಈಚಿನ ವರ್ಷಗಳಲ್ಲಿ ಹಲವು ಕೆರೆಗಳ ಹೂಳೆತ್ತಿದ್ದಾರೆ. ಬಹಳ ಒಳ್ಳೆಯ ಕೆಲಸ. ಆದರೆ ಯಂತ್ರದಿಂದ ತೆಗೆದ ದಡ ಇಳಿಜಾರಾಗಿರುವುದಿಲ್ಲ. ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳಾಳದ ಗುಂಡಿ. ಈಜು ಬಂದರೂ ಒಬ್ಬರೇ ಇದ್ದಾಗ ನೀರಿಗೆ ಇಳಿಯಬೇಡಿ. ಕೋಡಿ ಹರಿಯುತ್ತಿದ್ದರೆ ದಾಟಬೇಡಿ. ಪಾದ ಮುಳುಗುವಷ್ಟೇ ನೀರಿದ್ದರೂ ಅಡಿಯ ಕಲ್ಲಿಗೆ ಹಾವಸೆ ಕಟ್ಟಿರುತ್ತದೆ.

ಮಳೆಗಾಲದಲ್ಲಿ ಬೆಳಿಗ್ಗೆ ದಾಟಿದ ಹಳ್ಳ ಸಂಜೆ ದಾಟಲು ಬಿಡದಿರಬಹುದು. ಆ ನಾಲ್ಕು ತಿಂಗಳು ಹಳ್ಳದ ಈಚೆಯಲ್ಲೇ ನಡೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂತೆಂದರೆ ಬಯಲಾದ ಏರಿಯ ಮೇಲೂ ಒಂಟಿ ಮರದ ಕೆಳಗೂ ಇರಬಾರದು. ಹತ್ತಿರದ ಮನೆ ಸೇರಿಕೊಳ್ಳಿ. ಅದು ದೂರವಾದರೆ ನೀರಿನಿಂದ ಹಿಂದೆ ಸರಿದು, ಒಂದೇ ಎತ್ತರದ ಗಿಡಗಳ ನಡುವಿನ ತಗ್ಗು ಜಾಗದಲ್ಲಿರಿ.

ಕರಡಿ ಇರುವ ಕಡೆ ಸದ್ದಿಲ್ಲದೆ ನಡೆಯುವುದು ತಪ್ಪು. ಪೊದೆ ದಟ್ಟವಾದ ತಿರುವಿನಲ್ಲಿ ಕೋಲಿನಿಂದ ಮರ ಬಡಿಯಿರಿ, ಗಟ್ಟಿಯಾಗಿ ಮಾತಾಡಿ. ಕಾಟಿ ಕಂಡರೆ ಅದಕ್ಕೆ ಓಡಿಹೋಗಲು ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಹೆಜ್ಜೇನಿನ ಗೂಡಿನ ಕೆಳಗೆ ನಿಲ್ಲಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಓಡುವುದೊಂದೇ ದಾರಿ. ನೀರಿಗೆ ಹಾರಿದರೆ ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಹೊಲಗೇರಿನ ಮರಕ್ಕೆ ಒರಗಬೇಡಿ, ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಭಾಗ ಅಲುಗದಂತೆ ಕೋಲಿಟ್ಟು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಸುತ್ತಿ, ಸಿಳ್ಳೆ ಊದಿ, 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಓಡದೆ, ನಿಧಾನವಾಗಿ ಏರಿಯ ಕಡೆ ನಡೆಯಿರಿ.

ರಕ್ತ ಹೀರುವ ಉಂಬಳ ಮಳೆಗಾಲದ ಕಾಟವೇ ಹೊರತು ಅಪಾಯವಲ್ಲ. ಉಪ್ಪಿನ ಗಂಟನ್ನು ನೆನೆಸಿ ಮುಟ್ಟಿಸಿದರೆ ಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ಸಾಕು. ನಿಜವಾಗಿ ಹೆದರಬೇಕಾದದ್ದು ಎಳ್ಳಿನಷ್ಟು ಚಿಕ್ಕ ಉಣುಗಿಗೆ (ಉಣ್ಣೆಗೆ). ಅದು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆ ಈಗಲೂ ಕಾಣಿಸಿಕೊಳ್ಳುತ್ತದೆ. ನವೆಂಬರಿನಿಂದ ಮೇ ತನಕ, ಅಂದರೆ ನಡೆಯಲು ಹಿತವಾದ ತಿಂಗಳುಗಳಲ್ಲೇ, ಮರಿ ಉಣುಗು ದರಕಿನಲ್ಲಿ ಹೆಚ್ಚು. ಆದ್ದರಿಂದ ದರಕಿನ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂರಿ. ತುಂಬುತೋಳಿನ ತಿಳಿ ಬಣ್ಣದ ಅಂಗಿ ಇರಲಿ, ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ. ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಫೋಟೊಕ್ಕೆಂದೂ ನಿಲ್ಲದೆ, ಅಲ್ಲಿಂದಲೇ ಹಿಂತಿರುಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಲಿನ ನೆಲಕ್ಕೆ ಇಳಿದಿರುತ್ತದೆ.

ಮನೆಗೆ ಬಂದ ಕೂಡಲೇ, ಚಹಾಕ್ಕಿಂತ ಮೊದಲು, ಬಟ್ಟೆಯನ್ನು ಅಂಗಳದಲ್ಲೇ ಕುದಿಯುವ ನೀರಿಗೆ ಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಒತ್ತಿ ಸಾಯಿಸಬೇಡಿ. ಮುಂದಿನ ಎರಡು ವಾರದಲ್ಲಿ ಥಟ್ಟನೆ ಜೋರು ಜ್ವರ, ತಲೆನೋವು, ಸೊಂಟ ಕೈಕಾಲು ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗುತ್ತ ಕೂರದೆ ಆಸ್ಪತ್ರೆಗೆ ಹೋಗಿ. ವೈದ್ಯರು ಕೇಳದಿದ್ದರೂ ಯಾವ ದಿನ, ಯಾವ ಕೆರೆಯ ಸುತ್ತಿನ ಕಾಡಿಗೆ ಹೋಗಿದ್ದಿರಿ ಎಂದು ನೀವೇ ಹೇಳಿ. ರಕ್ತವನ್ನು ಯಾವ ಪರೀಕ್ಷೆಗೆ ಕಳಿಸಬೇಕು ಎನ್ನುವುದು ಅದರ ಮೇಲೆ ನಿಂತಿದೆ.