ಟೋಕನ್ ಕೊಂಡವರ ಕೈಗೆ ಬರುವುದೇನು?

ಕೇಳುಗರೆಲ್ಲರಿಗೂ ನಮಸ್ಕಾರ.

2011ರಲ್ಲಿ ಕ್ರಿಸ್ ಟಾರೆಸ್ ಎಂಬ ಕಲಾವಿದರು ಒಂದು ಬೆಕ್ಕಿನ ಚಿತ್ರ ಬರೆದರು. ತಿಂಡಿಯಂಥ ಮೈ, ಹಿಂದೆ ಕಾಮನಬಿಲ್ಲಿನ ಬಾಲ. ಹೆಸರು ನ್ಯಾನ್ ಕ್ಯಾಟ್. ಇಂಟರ್ನೆಟ್ಟಿನ ತುಂಬ ಓಡಾಡಿತು, ಸಿಕ್ಕಸಿಕ್ಕವರು ಕಾಪಿ ಮಾಡಿಕೊಂಡರು. ಹತ್ತು ವರ್ಷದ ಮೇಲೆ, 2021ರ ಫೆಬ್ರವರಿಯಲ್ಲಿ, ಅದನ್ನೇ ಟೋಕನ್ ಮಾಡಿ, ಅಂದರೆ ಎನ್‌ಎಫ್‌ಟಿ ಎಂಬ ಡಿಜಿಟಲ್ ಚೀಟಿ ಮಾಡಿ, ಹರಾಜಿಗಿಟ್ಟರು. 300 ಈಥರ್ ಬಂತು. ಈಥರ್ ಅಂದರೆ ಒಂದು ಬಗೆಯ ಡಿಜಿಟಲ್ ನಾಣ್ಯ. ಆಗಿನ ಬೆಲೆಗೆ 5 ಲಕ್ಷ ಡಾಲರಿಗಿಂತ ಜಾಸ್ತಿ!

ಇಂಟರ್ನೆಟ್ಟಿಗೆ ಚಿತ್ರ, ಹಾಡು ಹಾಕಿ ಜಾಹೀರಾತಿನ ಚಿಲ್ಲರೆ ಕಾಸಿಗೆ ಕಾಯುತ್ತಾ ಕೂತವರಿಗೆ ಇದು ಆಸೆ ಹುಟ್ಟಿಸುವ ಸುದ್ದಿಯೇ, ಅಲ್ವಾ?

ಆದರೆ ಕೊಂಡವರಿಗೆ ಸಿಕ್ಕಿದ್ದೇನು? ಒಂದು ರಸೀದಿ. ಬ್ಲಾಕ್‌ಚೈನ್ ಅಂದರೆ ಬರೆದದ್ದನ್ನು ಅಳಿಸಲು ಬಿಡದ ಲೆಕ್ಕದ ಪುಸ್ತಕ. ಈ ನಂಬರಿನ ಟೋಕನ್ ಇಂಥವರದು ಎಂದು ಅದರಲ್ಲೊಂದು ಸಾಲು. ಚಿತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ, ಅದರ ಲಿಂಕ್ ಮಾತ್ರ ಇರುತ್ತದೆ. ಚಿತ್ರವಿಟ್ಟ ಸರ್ವರ್ ಮುಚ್ಚಿದರೆ ರಸೀದಿ ಉಳಿಯುತ್ತದೆ, ಚಿತ್ರ ಮಾಯ. ಬೇರೆಯಾಗಿ ಬರೆದುಕೊಡದ ಹೊರತು ಕಾಪಿರೈಟೂ ಕೈಬದಲಾಗುವುದಿಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಮರುಮಾರಾಟದ ಪಾಲು. ಚಿತ್ರಕಾರ ಕಷ್ಟದ ದಿನಗಳಲ್ಲಿ ಚಿತ್ರವನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾನೆ. ಮುಂದೆ ಅದು ನೂರು ಪಟ್ಟು ಬೆಲೆಗೆ ಹೋದರೂ ಅವನಿಗೆ ಬರುವುದು ಸೊನ್ನೆ. ಟೋಕನ್ ಮಾರುವ ವೆಬ್‌ತಾಣದವರು ಕಲಾವಿದರಿಗೆ, ಟೋಕನ್ ಕೈಬದಲಾದಾಗಲೆಲ್ಲ ನೂರಕ್ಕೆ ಹತ್ತು ನಿಮಗೆ ಅಂದರು. ಎಷ್ಟು ನ್ಯಾಯವಾದ ಮಾತು! ನಾನೂ ನಂಬಿದ್ದೆ. ಆದರೆ ಆ ಪಾಲನ್ನು ಹಿಡಿದುಕೊಡುತ್ತಿದ್ದದ್ದು ಬ್ಲಾಕ್‌ಚೈನ್ ಅಲ್ಲ, ಮಾರಾಟದ ತಾಣ. ಬೇರೆ ತಾಣಗಳು ಪಾಲು ಬಿಟ್ಟು ಗಿರಾಕಿಗಳನ್ನು ಸೆಳೆಯತೊಡಗಿದವು. 2023ರ ಆಗಸ್ಟಿನಲ್ಲಿ ದೊಡ್ಡ ತಾಣವಾದ ಓಪನ್‌ಸೀ ಕೂಡ ಪಾಲು ಕೊಡುವುದು ಮಾರುವವರ ಇಷ್ಟ ಎಂದು ಘೋಷಿಸಿತು. ಇಷ್ಟ ಅಂದಮೇಲೆ ಕೊಡುವವರು ಎಷ್ಟು ಜನ?

ಕಳ್ಳತನದ ಕಥೆ ಬೇರೆ. ತನ್ನ ಉಚಿತ ಸೌಲಭ್ಯದಲ್ಲಿ ಮಾಡಿದ ಟೋಕನ್‌ಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಕದ್ದವು, ನಕಲಿ ಅಥವಾ ಕಸ ಎಂದು ಇದೇ ಓಪನ್‌ಸೀ 2022ರಲ್ಲಿ ಒಪ್ಪಿಕೊಂಡಿತ್ತು. ನಿಮ್ಮ ಚಿತ್ರವನ್ನು ಇನ್ಯಾರೋ ಟೋಕನ್ ಮಾಡಿದರೆ ಲೆಕ್ಕದ ಪುಸ್ತಕ ಸುಮ್ನೆ ಬರೆದುಕೊಳ್ಳುತ್ತದೆ. ಇದು ಯಾರದ್ದಪ್ಪಾ ಎಂದು ಕೇಳುವುದಿಲ್ಲ.

ಅಭಿಮಾನಿಯ ಪಾಡೂ ಬದಲಾಗುತ್ತದೆ. ನಿನ್ನೆ ಹಾಡು ಚೆನ್ನಾಗಿದೆ ಅಂದವನು, ಟೋಕನ್ ಕೊಂಡಮೇಲೆ ರೇಟು ಎಷ್ಟಾಯ್ತು ಎಂದು ಕೇಳುತ್ತಾನೆ. ಇಳಿದರೆ ಬೈಯುತ್ತಾನೆ. ನಿಮ್ಮ ಕೆಲಸವನ್ನು ಇಷ್ಟಪಟ್ಟ ನೂರೇ ಜನರಿಗೆ, ಇದು ನೆನಪಿನ ಕಾಣಿಕೆ, ಲಾಭದ ಮಾತಿಲ್ಲ ಎಂದು ಹೇಳಿ ಮಾರುವುದಾದರೆ ನನ್ನ ತಕರಾರಿಲ್ಲ.

ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ತಮ್ಮ ಮೊಟ್ಟಮೊದಲ ಟ್ವೀಟಿನ ಟೋಕನ್ನನ್ನು 2021ರಲ್ಲಿ ಸುಮಾರು 29 ಲಕ್ಷ ಡಾಲರಿಗೆ ಮಾರಿ, ಹಣವನ್ನು ದಾನ ಮಾಡಿದರು. ಕೊಂಡವರು ಮರುವರ್ಷ ಅದನ್ನು 4 ಕೋಟಿ 80 ಲಕ್ಷ ಡಾಲರಿಗೆ ಮಾರಲು ಇಟ್ಟರು. ಹರಾಜು ಮುಗಿದಾಗ ಬಂದಿದ್ದ ದೊಡ್ಡ ಕೂಗು 300 ಡಾಲರನ್ನೂ ಮುಟ್ಟಿರಲಿಲ್ಲ. ಐದೇ ಪದಗಳ ಆ ಟ್ವೀಟನ್ನು ಅಷ್ಟು ದಿನವೂ ಜನ ಪುಕ್ಕಟೆ ಓದುತ್ತಿದ್ದರು.

ನಮಸ್ಕಾರ.