ದರ್ಜಿಗಳ ಮುಂದೆ ಸೂಜಿಯ ಮಾತು

(ಹೊಲಿಗೆ ವೃತ್ತಿಯವರ ಸಭೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಪದಾಧಿಕಾರಿಗಳೇ, ಅಣ್ಣಂದಿರೇ, ಅಕ್ಕಂದಿರೇ,

ಜೀವಮಾನವಿಡೀ ಸೂಜಿ ಹಿಡಿದವರ ಮುಂದೆ ನಿಂತು ಸೂಜಿಯ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೇ ಸರಿ. ಆದರೆ ನಿಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. "ಮೇಡಂ, ನಮ್ಮವರಲ್ಲಿ ಕೆಲವರು ಕುತ್ತಿಗೆ ನೋವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಅನ್ನುತ್ತಾರೆ, ಕೆಲವರು ಮೈಗೆ ಬಟ್ಟಲು ಕಚ್ಚಿಸಿ ಎಳೆಯುವ ಕಪ್ಪಿಂಗ್ ಮಾಡಿಸಿ ಬೆನ್ನ ತುಂಬ ದುಂಡನೆ ಕಪ್ಪು ಗುರುತು ಹೊತ್ತು ಬರುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ?" ಎಂದು ಕೇಳಿದರು.

ಇಗೋ, ಇದೇ ಆ ಸೂಜಿ. ಹಿಂದಿನ ಸಾಲಿನವರಿಗೆ ಕಾಣಿಸಲಿಕ್ಕಿಲ್ಲ, ಮುಂದಿನವರಿಗೂ ಅಷ್ಟಕ್ಕಷ್ಟೇ. ನಿಮ್ಮ 16 ನಂಬರಿನ ಮಷಿನ್ ಸೂಜಿ 1 ಮಿಲಿಮೀಟರ್ ದಪ್ಪ. ಇದು ಅದರ ಕಾಲು ಭಾಗ. ಕಣ್ಣಿಲ್ಲ, ದಾರ ಪೋಣಿಸುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಶುದ್ಧ ದಂಡ.

ಇದಕ್ಕೆ ಅಮೆರಿಕದಲ್ಲಿ ಹೆಸರು ತಂದುಕೊಟ್ಟವರು ಒಬ್ಬ ಪತ್ರಕರ್ತರು. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 1971ರ ಜುಲೈ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋದರು. ಅಧಿಕಾರಿಗಳು ಏನೇನೋ ನೆಪ ಹೇಳಿ ಅವರನ್ನು ದಕ್ಷಿಣದಲ್ಲೇ ತಡೆದಿಟ್ಟರು. ಅಷ್ಟರಲ್ಲಿ ಪೀಕಿಂಗ್‌ಗೆ, ಅಂದರೆ ಇಂದಿನ ಬೀಜಿಂಗ್‌ಗೆ, ಅಮೆರಿಕದ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಗುಟ್ಟಾಗಿ ಬಂದು, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭೇಟಿಗೆ ದಾರಿ ಮಾಡಿ ಹೋಗಿಯೇ ಬಿಟ್ಟರು. ಶತಮಾನದ ಸುದ್ದಿ ಮೂಗಿನ ಕೆಳಗೇ ಜಾರಿಹೋಯಿತು! ಅದನ್ನು ಕೇಳಿದ ಕ್ಷಣವೇ ತಮಗೆ ಮೊದಲ ಬಾರಿ ಛಳುಕು ಹೊಡೆಯಿತೆಂದು ರೆಸ್ಟನ್ ಅವರೇ ತಮಾಷೆಯಾಗಿ ಬರೆದಿದ್ದಾರೆ. ಅದು ಹೊಟ್ಟೆಕಿಚ್ಚಲ್ಲ, ಅಪೆಂಡಿಸೈಟಿಸ್.

ಚೀನೀ ವೈದ್ಯರು ಆಪರೇಷನ್ ಮಾಡಿದರು. ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡಿದರು. ಸೂಜಿ ಚುಚ್ಚಿ ಹೊಟ್ಟೆ ಕೊಯ್ದರು ಎಂಬುದು ಆಮೇಲೆ ಹಬ್ಬಿದ ಕಥೆ. ಸೂಜಿ ಬಂದದ್ದು ನಂತರ, ಹೊಟ್ಟೆ ಉಬ್ಬರಿಸಿದಾಗ. ಬಲ ಮೊಣಕೈಯಲ್ಲಿ, ಮಂಡಿಗಳ ಕೆಳಗೆ, ಒಟ್ಟು ಮೂರು ಸೂಜಿ. ಜೊತೆಗೆ ಒಂದು ಮೂಲಿಕೆಗೆ ಬೆಂಕಿ ಹಚ್ಚಿ ಹೊಟ್ಟೆಯ ಹತ್ತಿರ ಹಿಡಿದರು. ಸುಮಾರು ಇಪ್ಪತ್ತು ನಿಮಿಷ ವೈದ್ಯರು ಪಕ್ಕದಲ್ಲೇ ಇದ್ದು ಸೂಜಿ ತಿರುಗಿಸುತ್ತಿದ್ದರು. ಗಂಟೆಯೊಳಗೆ ಉಬ್ಬರ ಇಳಿಯಿತು. ಅಮೆರಿಕಕ್ಕೆ ಸೂಜಿಯ ಹುಚ್ಚು ಹಿಡಿಯಿತು.

ಎಲ್ಲರೂ ಆ ಮೂರು ಸೂಜಿಗಳನ್ನು ನೋಡಿದರು. ನನ್ನ ಕಣ್ಣು ಮಾತ್ರ ಆ ಇಪ್ಪತ್ತು ನಿಮಿಷದ ಮೇಲೆ. ನೋವಿದ್ದವನ ಪಕ್ಕದಲ್ಲಿ ಒಬ್ಬರು ಕುಳಿತರಲ್ಲ, ಮುಟ್ಟಿದರಲ್ಲ, ಅದನ್ನು ಯಾವ ಖಾತೆಗೆ ಬರೆಯುವುದು?

ಇದು ನನ್ನ ಊಹಾಪೋಹವಲ್ಲ. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಎಂಬವರು ನಾಟಕದ ಕತ್ತಿಯಂಥ ಒಂದು ಸೂಜಿಯನ್ನು ಪ್ರಯೋಗಕ್ಕೆ ತಂದರು. ಒತ್ತಿದರೆ ಹಿಡಿಯೊಳಗೆ ಸರಿಯುತ್ತದೆ, ಚರ್ಮದೊಳಗೆ ಇಳಿಯುವುದಿಲ್ಲ. ಚುಚ್ಚಿದ್ದಾರೆಂದೇ ರೋಗಿ ನಂಬಿರುತ್ತಾನೆ. ಬಗೆಬಗೆಯ ಹುಸಿ ಸೂಜಿ, ನಿಜ ಸೂಜಿ, ಸೂಜಿಯೇ ಇಲ್ಲದಿರುವುದು ಇವನ್ನೆಲ್ಲ ಹೋಲಿಸಿದ 29 ಪ್ರಯೋಗಗಳ, ಸುಮಾರು 18 ಸಾವಿರ ರೋಗಿಗಳ ವಿವರವನ್ನು 2012ರಲ್ಲಿ ಸಂಶೋಧಕರು ಒಟ್ಟಾಗಿ ಲೆಕ್ಕ ಹಾಕಿದರು. ಕುತ್ತಿಗೆ ನೋವಿನವರೂ ಅದರಲ್ಲಿದ್ದರು. ಆ ಸಂಶೋಧಕರೇ ಕೊಟ್ಟ ಉದಾಹರಣೆ ಕೇಳಿ: ನೂರಕ್ಕೆ 60ರಷ್ಟಿದ್ದ ನೋವು, ಸೂಜಿ ಹಾಕಿಸಿಕೊಳ್ಳದವರಲ್ಲಿ 43ಕ್ಕೆ ಇಳಿಯುತ್ತದೆ, ಹುಸಿ ಸೂಜಿಯವರಲ್ಲಿ 35ಕ್ಕೆ, ನಿಜ ಸೂಜಿಯವರಲ್ಲಿ 30ಕ್ಕೆ.

ಅಳತೆಯಲ್ಲಿ ನೀವು ನನಗಿಂತ ಚುರುಕು, ಕೂಡಿ ಕಳೆಯಿರಿ. ಹುಸಿಗೂ ನಿಜಕ್ಕೂ ನಡುವೆ 5 ಅಂಕ. ಸೂಜಿ ಇಲ್ಲದ್ದಕ್ಕೂ ಹುಸಿಗೂ ನಡುವೆ 8. ಅಂದರೆ ಚುಚ್ಚಿದ್ದಕ್ಕಿಂತ ಮಲಗಿಸಿ ಮುಟ್ಟಿ ಮಾತನಾಡಿಸಿದ್ದೇ ಹೆಚ್ಚು ಕೆಲಸ ಮಾಡಿದೆ. ಇನ್ನು ಏನೂ ಚುಚ್ಚದೆ ಇಳಿದ 17 ಅಂಕ? ನೋವು ತಾರಕಕ್ಕೇರಿದಾಗಲೇ ನಾವು ವೈದ್ಯರ ಬಳಿ ಓಡುವುದು. ಅಲ್ಲಿಂದ ಅದು ಬಹಳ ಮಟ್ಟಿಗೆ ತಾನೇ ಇಳಿಯುತ್ತದೆ. ಆ ಹೊತ್ತಿಗೆ ಯಾರ ಕೈ ಕುತ್ತಿಗೆಯ ಮೇಲಿರುತ್ತದೋ ಅವರಿಗೆ ಹೆಸರು!

ಕುತ್ತಿಗೆಯದ್ದೇ ಬೇಕೆಂದರೆ ಇಂಗ್ಲೆಂಡಿನ ಯಾರ್ಕ್‌ನ ಸಂಶೋಧಕರ ಪ್ರಯೋಗವಿದೆ, 2015ರದು, 517 ಜನರ ಮೇಲೆ. ಒಂದು ಗುಂಪಿಗೆ 50 ನಿಮಿಷದಂತೆ 12 ಸಲ ಅಕ್ಯುಪಂಕ್ಚರ್. ಇನ್ನೊಂದಕ್ಕೆ 30 ನಿಮಿಷದಂತೆ 20 ಅಲೆಕ್ಸಾಂಡರ್ ಪಾಠ, ಅಂದರೆ ಕೂರುವ, ನಿಲ್ಲುವ, ತಲೆ ಹೊರುವ ಕ್ರಮವನ್ನು ಒಬ್ಬೊಬ್ಬರಿಗೇ ಕಲಿಸುವುದು. ವರ್ಷದ ಕೊನೆಗೆ ಎರಡು ಗುಂಪಿನವರೂ ಮಾಮೂಲಿ ಚಿಕಿತ್ಸೆಯವರಿಗಿಂತ ಸುಧಾರಿಸಿದ್ದರು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಹನ್ನೆರಡನ್ನು ಐವತ್ತರಿಂದ ಗುಣಿಸಿ, ಇಪ್ಪತ್ತನ್ನು ಮೂವತ್ತರಿಂದ ಗುಣಿಸಿ. ಎರಡೂ 600 ನಿಮಿಷ! ನಿಮ್ಮ ಕುತ್ತಿಗೆಗೆ ಹತ್ತು ಗಂಟೆ ಕೊಟ್ಟವರು ಇಲ್ಲಿ ಯಾರಾದರೂ ಇದ್ದಾರೆಯೇ? ಆಸ್ಪತ್ರೆಯಲ್ಲಿ ಎಕ್ಸ್‌ರೇ ಬೆಳಕಿಗೆ ಹಿಡಿದು "ಮೂಳೆ ಸವೆದಿದೆ" ಎಂದು ಮಾತ್ರೆ, ಕಾಲರ್ ಬರೆದು ಕಳುಹಿಸುತ್ತಾರೆ. ಐವತ್ತು ದಾಟಿದವರಲ್ಲಿ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಸವೆತ ಕಾಣುವುದು ಸಾಮಾನ್ಯ. ನಮ್ಮ ಫಿಸಿಯೋಥೆರಪಿಯವರೂ ಕಡಿಮೆಯಿಲ್ಲ. ಶಾಖದ ಯಂತ್ರ ಹಚ್ಚಿ ಪರದೆ ಎಳೆದು ಹೋದರೆ, ಟೈಮರ್ ಕಿರುಚಿದಾಗಲೇ ಮತ್ತೆ ಮುಖ ತೋರಿಸುವುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಪ್ಪಿಂಗ್‌ಗೆ ಬರುತ್ತೇನೆ.

ಇದು ಚೀನಾದವರ ಸ್ವತ್ತಲ್ಲ. ಸುಶ್ರುತ ಕೊಂಬು, ಜಿಗಣೆ, ಸೋರೆಬುರುಡೆಗಳಿಂದ ರಕ್ತ ಎಳೆಯುವುದನ್ನು ವಿವರಿಸಿದ್ದಾನೆ. ಯುನಾನಿಯವರ ಹಿಜಾಮಾ ಕೂಡ ಇದೇ ಜಾತಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕಂಡದ್ದೂ ಇದರದ್ದೇ ಗುರುತು. ಆ ಕಪ್ಪು 'ವಿಷ ಹೊರಬಂದ ಗುರುತು' ಅಲ್ಲ. ಬಟ್ಟಲು ಎಳೆದ ರಭಸಕ್ಕೆ ಸಣ್ಣ ರಕ್ತನಾಳ ಒಡೆದು ರಕ್ತ ಚರ್ಮದಡಿ ನಿಂತದ್ದು, ಅಷ್ಟೇ. 2013ರಲ್ಲಿ ಜರ್ಮನಿಯಲ್ಲಿ 61 ಜನ ಕುತ್ತಿಗೆ ನೋವಿನವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಮನೆಯವರೇ ಬಟ್ಟಲಿನಿಂದ ಮಾಲೀಶು ಮಾಡಬೇಕು, ಇನ್ನೊಂದು ಗುಂಪಿನವರು ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ ಮಾಡಬೇಕು. 12 ವಾರದ ನಂತರ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಬಟ್ಟಲಿನವರ ಒಟ್ಟಾರೆ ನೆಮ್ಮದಿ ಮಾತ್ರ ಹೆಚ್ಚಿತ್ತು. ಗಂಡ ಹೆಂಡತಿಯ ಬೆನ್ನಿಗೆ ಕೈ ಹಚ್ಚಿದರೆ ನೆಮ್ಮದಿ ಹೆಚ್ಚದೆ ಇನ್ನೇನಾಗುತ್ತದೆ? ನಗಬೇಡಿ ಅಣ್ಣ, ಇವತ್ತು ರಾತ್ರಿ ಮಾಡಿ ನೋಡಿ.

ವ್ಯಾಯಾಮದ ಬಗ್ಗೆ ಬಹಳ ಬರೆದುಕೊಂಡು ಬಂದಿದ್ದೆ, ಸಮಯವಿಲ್ಲ. ಒಂದೇ ಹೇಳುತ್ತೇನೆ: ಬಾಬಿನ್ ಖಾಲಿಯಾದಾಗಲೆಲ್ಲ ಎದ್ದು ನಿಂತು, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದು ಐದು ಎಣಿಸಿ, ಹತ್ತು ಸಲ. ಸೂಜಿ, ಬಟ್ಟಲು ಬೇಕೆನಿಸಿದರೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಕಲಿತವರ ಬಳಿಗೇ ಹೋಗಿ. ಭುಜದ ಮೇಲ್ಭಾಗದಲ್ಲಿ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ರಕ್ತಹೀನತೆ ಇರುವವರು ಗೀರಿ ರಕ್ತ ತೆಗೆಯುವ ಹಿಜಾಮಾಕ್ಕೆ ಕೂರಬೇಡಿ. ಕೈಯಲ್ಲಿ ಬಲ ಕುಂದಿ ಗುಂಡಿ ಹಚ್ಚಲಾಗದಿದ್ದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಇದ್ಯಾವುದೂ ಬೇಡ, ನನ್ನ ಬಳಿಗೂ ಬೇಡ, ಅಂದೇ ದೊಡ್ಡಾಸ್ಪತ್ರೆಗೆ ಹೋಗಿ.

ಪ್ರಶ್ನೆಗಳಿದ್ದರೆ ಕೇಳಿ. ಎದ್ದು ನಿಂತೇ ಕೇಳಿ, ಆಗಿನಿಂದ ಕುಳಿತೇ ಇದ್ದೀರಿ.